ಮಡಿಲು ತುಂಬಿಸಿ ಪಡೆದ ಸಹಿ

ಶಶಿ, ನಿನಗೆ ಪಾಲಿತ್ತು. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಕೈಗೆ ಪೆನ್ನು ಕೊಟ್ಟು, "ಇಲ್ಲೊಂದು ಹಾಕಮ್ಮ, ಇಲ್ಲಿ ಇನ್ನೊಂದು" ಎಂದು ಬೆರಳಿಟ್ಟು ತೋರಿಸಿದವಳು ನಾನೇ.

ಇಷ್ಟು ಬರೆದು ಎದ್ದು ಹೋದೆ. ಅಡುಗೆಮನೆಗೆ ಹೋಗಿ ಒಲೆ ಒರೆಸಿದೆ, ಒರೆಸಿದ್ದನ್ನೇ ಮತ್ತೆ ಒರೆಸಿದೆ. ನನ್ನ ಬಾಯಿ ನಿನಗೆ ಗೊತ್ತಲ್ಲ — ನೀರಿನ ಟ್ಯಾಂಕರಿನವನು ಸ್ವಲ್ಪ ತಡ ಮಾಡಿದರೆ ಇಡೀ ಬೀದಿಗೆ ಕೇಳುವ ಹಾಗೆ ಕೂಗುವವಳು ನಾನು. ಅಂಥ ಬಾಯಿಗೆ ಈ ಒಂದು ಮಾತು ಏಳು ವರ್ಷವಾದರೂ ಬರಲಿಲ್ಲ. ಎದುರಿಗೆ ಕೂತರೆ ಈಗಲೂ ಬರುವುದಿಲ್ಲ. ನೀನು "ಅಕ್ಕಾ" ಅಂದ ಕೂಡಲೇ "ಊಟ ಆಯ್ತಾ" ಎಂದು ಮಾತು ತೇಲಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವ ಸಂಗತಿಗಳನ್ನೂ ಬಿಡಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇದನ್ನು ನೀನು ಇನ್ನೊಬ್ಬರಿಗೆ ಓದಲು ಕೊಡಬೇಕಾಗುತ್ತದೆ — ಯಾರಿಗೆ ಎಂದು ಆಮೇಲೆ ಹೇಳುತ್ತೇನೆ.

ಸುದ್ದಗುಂಟೆಪಾಳ್ಯದ ನಮ್ಮ ಕಟ್ಟಡ ಮಾವನವರ ಸ್ವಂತ ಸಂಪಾದನೆ. ಸೊಪ್ಪು, ಹುರುಳಿಕಾಯಿ ಬೆಳೆದು, ಬೆಳಗಿನ ಜಾವ ಮಾರ್ಕೆಟ್ಟಿಗೆ ಹೊತ್ತು, ಆ ದುಡ್ಡಿನಲ್ಲಿ ಕೊಂಡ ಸೈಟು. ಆಮೇಲೆ ಸುತ್ತಲಿನ ಹೊಲವೆಲ್ಲ ಲೇಔಟ್ ಆಗಿ, ಬಿಟಿಎಂ ಕಡೆ ಕೆಲಸಕ್ಕೆ ಬರುವ ಹುಡುಗರು ರೂಮು ಕೇಳಿಕೊಂಡು ಬರತೊಡಗಿದಾಗ, ಅದರ ಮೇಲೆ ಮಹಡಿಯ ಮೇಲೆ ಮಹಡಿ ಎಬ್ಬಿಸಿದರು. ಕೆಳಗೆ ನಾವು, ಮೇಲೆ ಬಾಡಿಗೆ ಹುಡುಗರು. ಅತ್ತೆ ಮೊದಲೇ ತೀರಿಕೊಂಡಿದ್ದರು. ಮಾವನವರಿಗೆ ಮೂವರು ಮಕ್ಕಳು. ಹಿರಿಯವರು ನಮ್ಮ ಯಜಮಾನರು. ನಡುವಿನವಳು ಗಿರಿಜಾ, ನನ್ನ ನಾದಿನಿ, ಮದುವೆಯಾಗಿ ಬನಶಂಕರಿಯಲ್ಲಿದ್ದಾಳೆ. ಕೊನೆಯವನು ರಮೇಶ, ನಿನ್ನ ಗಂಡ. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ಬೈಕ್ ಅಪಘಾತದಲ್ಲಿ ಹೋಗಿಬಿಟ್ಟ. ನಿನಗೆ ಮಕ್ಕಳಿರಲಿಲ್ಲ. ವರ್ಷಾಬ್ದಿಕ ಮುಗಿಸಿ ನೀನು ಅಂಜನಾಪುರದಲ್ಲಿದ್ದ ನಿನ್ನ ತಾಯಿಯ ಮನೆಗೆ ಹೊರಟೆ. ನಾವು ಯಾರೂ "ಇರಮ್ಮ" ಅನ್ನಲಿಲ್ಲ. "ಪಾಪ, ಅಲ್ಲಾದ್ರೆ ಅಮ್ಮನ ಜೊತೆ ಇರ್ತಾಳೆ" ಎಂದೆವು. ಪಾಪ ಎನ್ನುವ ಪದ ನಮ್ಮಂಥವರಿಗೆ ಎಷ್ಟು ಅನುಕೂಲದ್ದು ನೋಡು.

ಮಾವನವರು ಮಾತ್ರ ನಿನ್ನನ್ನು ಮರೆಯಲಿಲ್ಲ. ತಿಂಗಳಿಗೊಮ್ಮೆ ನೀನು ಅವರನ್ನು ನೋಡಲು ಬರುತ್ತಿದ್ದೆ, ಅವರಿಗಿಷ್ಟದ ನಿಪ್ಪಟ್ಟು ಕಟ್ಟಿಸಿಕೊಂಡು. ನೀನು ಹೋದ ಮೇಲೆ ಅವರು ಅರ್ಧ ದಿನ ಮಾತಾಡುತ್ತಿರಲಿಲ್ಲ. ಒಂದು ಸಲ ನನ್ನನ್ನು ಕರೆದು, "ಭಾಗ್ಯ, ಆ ಹುಡ್ಗಿಗೆ ಏನಾದ್ರೂ ಒಂದು ಮಾಡ್ಬೇಕು ಕಣಮ್ಮ... ರಮೇಶ ಇದ್ದಿದ್ರೆ..." ಎಂದರು. "ಆಯ್ತು ಮಾವ, ಮೊದ್ಲು ಮಾತ್ರೆ ನುಂಗಿ" ಎಂದು ನೀರಿನ ಲೋಟ ಕೊಟ್ಟೆ. ಇನ್ನೊಮ್ಮೆ ಅವರು ಆ ಮಾತು ಎತ್ತಲಿಲ್ಲ. ಎತ್ತದಂತೆ ನಾನು ನೋಡಿಕೊಂಡೆ ಎನ್ನುವುದೇ ಸರಿ.

ವಿಲ್ ಬರೆಯದೆಯೇ ಹೋದರು. ತಿಥಿ ಮುಗಿದ ವಾರವೇ ಖಾತೆ ಬದಲಾಯಿಸುವ ಮಾತು ಶುರುವಾಯಿತು. ನಮ್ಮ ಯಜಮಾನರು ಸಾಧು ಮನುಷ್ಯ. ಬಾಡಿಗೆ ಹುಡುಗರು ಎರಡು ತಿಂಗಳು ದುಡ್ಡು ಕೊಡದಿದ್ದರೂ "ಹೋಗ್ಲಿ ಬಿಡೇ, ಕೊಡ್ತಾರೆ" ಎನ್ನುವವರು. ಮನೆಯ ಬಾಡಿಗೆ, ಕರೆಂಟು, ಕಂದಾಯ ಎಲ್ಲ ನನ್ನ ಕೈಯಲ್ಲೇ ಇತ್ತು. ಹಾಗಾಗಿ ಇದೂ ನನ್ನ ಕೈಗೇ ಬಂತು. ಲಾಯರನ್ನು ಇಟ್ಟುಕೊಳ್ಳುವುದೋ, ನಾವೇ ಓಡಾಡಿ ಮುಗಿಸುವುದೋ — ಇಷ್ಟೇ ಪ್ರಶ್ನೆ. ನಾನು ಯಾರಿಗೂ ಹೇಳದೆ, ಅಂಗಡಿಗೆ ಹೋಗಿ ಬರ್ತೀನಿ ಎಂದು ಜಯನಗರಕ್ಕೆ ಹೋದೆ. ಅಲ್ಲೊಂದು ಕನ್ನಡಕದ ಅಂಗಡಿಯ ಮೇಲೆ ಲಾಯರ್ ಮೇಡಂ ಒಬ್ಬರ ಆಫೀಸು. ಬೋರ್ಡು ನೋಡಿ ಮೆಟ್ಟಿಲು ಹತ್ತಿದ್ದು.

ಅವರು ಕೇಳಿದ ಮೊದಲ ಪ್ರಶ್ನೆಯೇ ಅದು. "ತೀರ್ಕೊಂಡೋರಿಗೆ ಮಕ್ಕಳೆಷ್ಟು? ಮುಂಚೆನೇ ಹೋದ ಮಕ್ಕಳನ್ನೂ ಸೇರಿಸಿ ಹೇಳಿ."

"ಮೂವರು ಮೇಡಂ. ಒಬ್ಬ ಹೋಗ್ಬಿಟ್ಟ."

"ಅವರ ಹೆಂಡ್ತಿ ಇದ್ದಾರಾ?"

"ಇದ್ದಾಳೆ. ಅಮ್ಮನ ಮನೇಲಿದ್ದಾಳೆ. ಮಕ್ಕಳಿಲ್ಲ ಮೇಡಂ."

"ಇನ್ನೊಂದು ಮದುವೆ?"

"ಇಲ್ಲ."

"ಹಾಗಾದ್ರೆ ಮೂರು ಪಾಲು," ಎಂದರು. "ನಿಮ್ಮ ಯಜಮಾನ್ರು, ನಿಮ್ಮ ನಾದಿನಿ, ಆ ಸೊಸೆ. ಮೂವರಿಗೂ ಸಮ."

ನಾನು ಮತ್ತೊಮ್ಮೆ ಹೇಳಿದೆ, "ಮಕ್ಕಳಿಲ್ಲ ಮೇಡಂ" — ಅವರಿಗೆ ಕೇಳಿಸಿಲ್ಲವೇನೋ ಎನ್ನುವ ಹಾಗೆ. ಅವರು ನಕ್ಕರು. "ಕೇಳಿಸ್ತಮ್ಮ. ಮಕ್ಕಳಿದ್ರೂ ಇಲ್ದಿದ್ರೂ ಆಕೆ ವಾರಸುದಾರಳೇ. ಕೇಸು ನನಗೆ ಕೊಟ್ರೆ ಮೂವರನ್ನೂ ಒಟ್ಟಿಗೆ ಕೂರಿಸಿ ಇದನ್ನ ಬಾಯಿಬಿಟ್ಟು ಹೇಳ್ತೀನಿ. ಅದು ನನ್ನ ಪದ್ಧತಿ. ಆಮೇಲೆ ಬಿಟ್ಕೊಡ್ತಾರೋ ಇಟ್ಕೊಳ್ತಾರೋ ಅವರಿಷ್ಟ."

ಬಾಯಿಬಿಟ್ಟು ಹೇಳ್ತೀನಿ! ಆ ಒಂದು ಮಾತಿಗೇ ನಾನು ಆ ಮೆಟ್ಟಿಲು ಇಳಿದು ಮತ್ತೆ ಹತ್ತಲಿಲ್ಲ. ಆಟೋದಲ್ಲಿ ಕೂತು ಮನೆಗೆ ಬರುವ ದಾರಿಯುದ್ದಕ್ಕೂ ನಿನ್ನ ಮೇಲೆ ಸಿಟ್ಟು ಬರುತ್ತಿತ್ತು, ಶಶಿ. ನಂಬು ಇದನ್ನು. ನೀನು ಏನೂ ಕೇಳಿರಲಿಲ್ಲ, ನಿನಗೆ ಏನೂ ಗೊತ್ತೇ ಇರಲಿಲ್ಲ — ಆದರೂ ಎಲ್ಲಿಂದಲೋ ಬಂದು ನನ್ನ ತಟ್ಟೆಗೆ ಕೈ ಹಾಕಿದವಳ ಹಾಗೆ ಕಂಡೆ. ಮೂರು ವರ್ಷವೂ ಇರದೆ ಹೋದವಳಿಗೆ ನನ್ನ ಇಪ್ಪತ್ತು ವರ್ಷದ ಚಾಕರಿಯಷ್ಟೇ ಪಾಲಾ ಎಂದುಕೊಂಡೆ. ಎರಡನೇ ಮಹಡಿಯನ್ನು ಒಡೆದು ಮಗ ಕಿರಣನ ಸಂಸಾರಕ್ಕೆ ದೊಡ್ಡ ಮನೆ ಮಾಡಬೇಕೆಂದು ಮನಸ್ಸಿನಲ್ಲೇ ಗೋಡೆ ಎಬ್ಬಿಸಿದ್ದೆ, ಅದು ಅಲ್ಲಾಡಿತು. ಕಷ್ಟವಿತ್ತು, ಸಾಲವಿತ್ತು ಎಂದೆಲ್ಲ ಬರೆದರೆ ಸುಳ್ಳಾಗುತ್ತದೆ. ನಮಗೆ ಯಾವ ಕೊರತೆಯೂ ಇರಲಿಲ್ಲ. ಆಸೆ, ಅಷ್ಟೇ.

ಆಮೇಲಿನ ಭಾನುವಾರ ನೀನು ಬಂದಿದ್ದೆ. ನಾನು ಕಚೇರಿಗಳಿಗೆ ಓಡಾಡಿ ಸುಸ್ತಾಗಿದ್ದೇನೆಂದು ಕಾಲು ಒತ್ತಲು ಕೂತೆ — ಬೇಡ ಎಂದರೂ. ಯಜಮಾನರೂ ಅಲ್ಲೇ ಇದ್ದರು, ಗಿರಿಜಾ ಕಾಫಿ ಸೋಸುತ್ತಿದ್ದಳು. ಆಗ ನೀನು ಹೇಳಿದೆಯಲ್ಲ: "ಅಕ್ಕ, ನಮ್ಮ ಸ್ಕೂಲ್ ಆಫೀಸಲ್ಲಿ ಒಬ್ರು ಮೇಡಂ ಇದ್ದಾರೆ. ಅವರ ತಂಗಿ ಲಾಯರಂತೆ. ಇಂಥ ಕೆಲಸವೆಲ್ಲ ಅವರೇ ಪೂರ್ತಿ ಮಾಡಿಕೊಡ್ತಾರಂತೆ. ಕೇಳ್ಲಾ? ನೀವೊಬ್ರೇ ಎಷ್ಟು ಅಂತ ಅಲೀತೀರ?"

ಕೇಳ್ಲಾ ಎಂದೆ ನೀನು, ನನ್ನ ಕಾಲು ಒತ್ತುತ್ತಾ. ನಿನಗೆ ಬೇಕಾದ ಬಾಗಿಲನ್ನು ನೀನೇ ತಟ್ಟಿದ್ದೆ, ಅದೂ ನನ್ನ ಆಯಾಸ ನೋಡಲಾಗದೆ. ನಾನು ಏನೆಂದೆ?

"ಮನೆಯವರ ಮಧ್ಯೆ ಲಾಯರ್ ಯಾಕಮ್ಮ? ನಾವೇನು ಬೇರೆಯವರಾ?"

ಆಹಾ, ಎಂಥ ಮಾತು! ಯಜಮಾನರು ತಲೆದೂಗಿದರು. ಗಿರಿಜಾ, "ಅತ್ತಿಗೆ ಹೇಳೋದು ಸರಿ, ಲಾಯರ್ ಕಾಲಿಟ್ರೆ ಮನೆ ಒಡೀತು ಅಂತಾನೇ ಲೆಕ್ಕ" ಎಂದಳು. ನೀನು ನಾಚಿಕೊಂಡು, "ಹಾಗಲ್ಲ ಅಕ್ಕ, ನಿಮಗೆ ಕಷ್ಟ ಅಂತ ಅಂದೆ ಅಷ್ಟೇ" ಎಂದು ತಲೆ ತಗ್ಗಿಸಿದೆ. ನಾಚಿಕೊಳ್ಳಬೇಕಾದವಳು ನಾನು, ನಾಚಿಕೊಂಡವಳು ನೀನು. ಆ ರಾತ್ರಿ ಯಜಮಾನರು ಒಂದೇ ಸಲ ಕೇಳಿದರು, "ಶಶಿಗೆ ಏನೂ ಬರಲ್ವೇನೇ?" ಎಂದು. "ಮಕ್ಕಳಿಲ್ಲದೋಳಿಗೆ ಎಲ್ಲಿ ಬರುತ್ತೆ ರೀ" ಎಂದೆ. ಅವರು ನನ್ನನ್ನು ನಂಬಿದರು. ನಂಬಿಕೊಂಡೇ ಹೋದರು ಕೂಡ. ಅವರನ್ನು ನೀನು ಬೈಯಬೇಡ, ಆ ಪಾಪದಲ್ಲಿ ಅವರಿಗೆ ಭಾಗವಿಲ್ಲ.

ಇನ್ನು ನಾನು ಬರೆಯಬೇಕಾದದ್ದು ಮಡಿಲಕ್ಕಿಯ ವಿಷಯ. ಇದನ್ನು ಬಿಟ್ಟು ಬೇರೆಯದೆಲ್ಲ ಬರೆದುಬಿಡೋಣ ಅಂತಲೂ ಅನಿಸಿತು — ಮೋಸ ಮಾಡಿದೆ ಎನ್ನುವುದು ಸುಲಭ. ಹೇಗೆ ಮಾಡಿದೆ ಎನ್ನುವುದು...

ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಅಣ್ಣತಮ್ಮಂದಿರಿಗೆ ಹಕ್ಕು ಬಿಟ್ಟುಕೊಟ್ಟು ಸಹಿ ಹಾಕುವ ದಿನ, ಮೊದಲು ಮನೆಗೆ ಕರೆದು, ಹೋಳಿಗೆ ಊಟ ಹಾಕಿ, ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿಸುತ್ತಾರೆ. ಆಮೇಲೆ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗುತ್ತಾರೆ. ಸೆರಗಿನಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ ಬಿದ್ದ ಮೇಲೆ ಯಾವ ಹೆಣ್ಣುಮಗಳು ಪಾಲಿನ ಮಾತೆತ್ತುತ್ತಾಳೆ? ನನ್ನ ತವರಲ್ಲೂ ಹಾಗೇ ಆಗಿತ್ತು, ನಾನೂ ಹಾಗೇ ಸಹಿ ಹಾಕಿ ಬಂದವಳು. ಆ ಅಕ್ಕಿ ಮಡಿಲಿಗೆ ಬೀಳುವಾಗ ಎದೆ ಹೇಗೆ ಕರಗುತ್ತದೆ ಎಂದು ಬಲ್ಲೆ. ಬಲ್ಲೆನಾದ್ದರಿಂದಲೇ ನಿನಗೆ ಅದನ್ನು ಮಾಡಿದೆ.

ಗಿರಿಜಾಳ ವಿಷಯ ಬೇರೆ. ಅವಳಿಗೆ ತನ್ನ ಪಾಲು ಗೊತ್ತಿತ್ತು. ಅಣ್ಣನಿಗೆ ಬಿಡುತ್ತೇನೆ ಎಂದು ತಾನೇ ಹೇಳಿ, ಬದಲಿಗೆ ಒಡವೆ ಮಾಡಿಸಿಕೊಂಡು, ಖುಷಿಯಾಗಿ ಬಂದು ಕೂತಿದ್ದಳು. ಅವಳ ಮಡಿಲು ತುಂಬಿಸಿ ಆಯಿತು. ನಿನ್ನದೂ ಒಂದು ಸಹಿ ಬೇಕಂತೆ ಎಂದಷ್ಟೇ ಹೇಳಿ ನಿನ್ನನ್ನು ಕರೆಸಿದ್ದೆ; ನೀನು ಬಾಗಿಲ ಹತ್ತಿರ, ಗೋಡೆಗೆ ಒರಗಿ ನಿಂತಿದ್ದೆ — ಗಂಡ ಇಲ್ಲದವಳು ಶುಭದ ಮಣೆಯಿಂದ ದೂರ ನಿಲ್ಲಬೇಕು ಎಂದು ಯಾರೂ ಹೇಳದೆಯೇ ಕಲಿತವಳ ಹಾಗೆ. ನಾನು ಬಂದು ನಿನ್ನ ಕೈ ಹಿಡಿದು ಎಳೆದೆ. "ಬಾ ಶಶಿ, ಕೂತ್ಕೋ." ನಿನ್ನ ಮುಖ ಬಿಳಿಚಿಕೊಂಡಿತು. ಊರಿಂದ ಬಂದಿದ್ದ ಯಜಮಾನರ ದೊಡ್ಡಮ್ಮ, "ಏನೇ ಭಾಗ್ಯ, ಗಂಡ ಇಲ್ದೋಳಿಗೆ ಎಂಥ ಮಡಿಲಕ್ಕಿ?" ಎಂದು ಮೂಗು ಮುರಿದರು.

"ಕಾಲ ಬದಲಾಯ್ತು ದೊಡ್ಡಮ್ಮ," ಎಂದೆ, ಎಲ್ಲರಿಗೂ ಕೇಳಿಸುವ ಹಾಗೆ. "ಇವಳು ಈ ಮನೆಗೆ ಸೊಸೆಯಲ್ಲ, ಮಗಳು."

ಆ ಮಾತನ್ನು ನಾನು ಹಿಂದಿನ ದಿನವೇ ಹೊಂದಿಸಿಕೊಂಡಿದ್ದೆ, ಶಶಿ. ನಮ್ಮ ಮನೆಯ ಲೆಕ್ಕದಲ್ಲಿ ಸೊಸೆ ಕೂತು ಪಾಲು ಕೇಳಬಹುದು, ಮಗಳು ಮಡಿಲು ತುಂಬಿಸಿಕೊಂಡು ಹೊರಡಬೇಕು. ಅದಕ್ಕೇ ಮಗಳು ಎಂದೆ. ಹಣೆಗೆ ಕುಂಕುಮವಿಟ್ಟೆ. ಸೆರಗೊಡ್ಡು ಎಂದೆ. ನಾನು ಅಕ್ಕಿ ಸುರಿದೆ, ಬೆಲ್ಲದಚ್ಚು ಇಟ್ಟೆ, ಕೊಬ್ಬರಿ ಗಿಟುಕು, ಎಲೆ ಅಡಿಕೆ, ಹಸಿರು ರವಿಕೆ ಕಣ. ನೀನು ಬಿಕ್ಕಿ ಬಿಕ್ಕಿ ಅತ್ತೆ. ಗಿರಿಜಾ ಅತ್ತಳು, ಯಜಮಾನರು ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಹೋದರು. ಕೊನೆಗೆ ದೊಡ್ಡಮ್ಮನೂ ಕಣ್ಣೊರೆಸಿಕೊಂಡರು. ನಾನೂ ಅತ್ತೆ — ನಿಜವಾಗಿಯೂ ಅಳು ಬಂತು. ಅಳುತ್ತಲೇ ನನ್ನ ಇನ್ನೊಂದು ಕಣ್ಣು ಗಡಿಯಾರದ ಮೇಲಿತ್ತು, ರಿಜಿಸ್ಟ್ರಾರ್ ಆಫೀಸಿನಲ್ಲಿ ನಮ್ಮ ಸರದಿ ತಪ್ಪಬಾರದಲ್ಲ.

ಮಡಿಲು ತುಂಬಿದ ಮೇಲೆ ಒಂದು ಹಿಡಿ ಅಕ್ಕಿಯನ್ನು ಮನೆಗೇ ಬಿಟ್ಟು ಏಳಬೇಕು, ತವರು ಬರಿದಾಗಬಾರದೆಂದು. ನೀನು ಒಂದು ಹಿಡಿಗೆ ನಿಲ್ಲಲಿಲ್ಲ. ಬೊಗಸೆ ತುಂಬ ತೆಗೆದು ತಟ್ಟೆಗೆ ಸುರಿದೆ. "ಸಾಕು ಸಾಕು, ನಿನಗೂ ಇರ್ಲಿ" ಎಂದು ನಾನು ಎಲ್ಲರೆದುರು ನಕ್ಕೆ.

ರಿಜಿಸ್ಟ್ರಾರ್ ಆಫೀಸಿನ ಹೊರಗೆ, ಪತ್ರ ಬರೆಯುವವನ ಮೇಜಿನ ಹತ್ತಿರ, ನೀನು ಆ ಕಾಗದವನ್ನು ಓದಿದೆ. ಓದುತ್ತೀಯ ಎಂದು ನಾನು ಅಂದುಕೊಂಡಿರಲಿಲ್ಲ. ಸ್ಕೂಲ್ ಆಫೀಸಿನಲ್ಲಿ ಕೆಲಸ ಮಾಡುವವಳು, ಅಭ್ಯಾಸ. ಹಣೆಯ ಮೇಲೆ ನಾನಿಟ್ಟ ಕುಂಕುಮ ಹಾಗೇ ಇತ್ತು. "ಅಕ್ಕ, 'ನನಗಿರುವ ಹಕ್ಕನ್ನು' ಅಂತ ಇದೆಯಲ್ಲ. ನಂಗೂ ಏನಾದ್ರೂ ಹಕ್ಕಿತ್ತಾ?"

ಎಷ್ಟು ಮೆಲ್ಲಗೆ ಕೇಳಿದೆ ನೀನು. ಆಗ ಒಂದು ಕ್ಷಣವಿತ್ತು ಶಶಿ, ಹೌದು ಅಂದುಬಿಡಬಹುದಾಗಿದ್ದ ಒಂದು ಕ್ಷಣ. ಅಂದಿದ್ದರೆ ನೀನು ಬಹುಶಃ ಆಗಲೂ ಸಹಿ ಹಾಕುತ್ತಿದ್ದೆ, ನಿನ್ನ ಸ್ವಭಾವವೇ ಹಾಗೆ. ಆದರೆ ಕೊಟ್ಟವಳು ನೀನಾಗುತ್ತಿದ್ದೆ. ನಾನು ಅದನ್ನೂ ನಿನಗೆ ಬಿಡಲಿಲ್ಲ.

"ಅದು ಎಲ್ರಿಗೂ ಹಾಗೇ ಬರಿಯೋದು ಕಣೆ," ಎಂದೆ. "ನಿಂದು ಫಾರ್ಮಾಲಿಟಿ. ಇಲ್ಲೊಂದು ಹಾಕಮ್ಮ."

ನೀನು ಹಾಕಿದೆ. ಬೆರಳು ಒತ್ತಿದೆ. ಫೋಟೋ ತೆಗೆಯುವಾಗ ನಕ್ಕೆ ಕೂಡ.

ಆಮೇಲೆ ನನಗೆ ಸಿಕ್ಕಿದ್ದನ್ನು ಕೇಳು. ಕಟ್ಟಡ ಯಜಮಾನರ ಹೆಸರಿಗಾಯಿತು, ಸರಿ. ಅದರ ಜೊತೆಗೆ ಒಳ್ಳೆಯವಳು ಎನ್ನುವ ಹೆಸರೂ ಸಿಕ್ಕಿತು. ನಾನು ಅದನ್ನು ನಾಚಿಕೆಯಿಲ್ಲದೆ ತಿಂದೆ. ನೀನು ನಿನ್ನ ತಾಯಿಗೆ ಹೇಳಿದೆ, ಅವರು ನೆಂಟರಿಗೆ ಹೇಳಿದರು, ನಮ್ಮ ಬೀದಿಯ ಹೆಂಗಸರೆಲ್ಲ "ಭಾಗ್ಯಮ್ಮನ ಮನಸ್ಸು ದೊಡ್ಡದು" ಎಂದರು. ದೇವಸ್ಥಾನದ ಮಹಿಳಾ ಮಂಡಳಿಯಲ್ಲಿ ನನ್ನನ್ನು ಮೇಲೆ ಕೂರಿಸಿ, ವಿಧವೆಗೆ ಮಡಿಲು ತುಂಬಿಸಿದ ಧೈರ್ಯವಂತೆ ಎಂದು ಶಾಲು ಹೊದಿಸಿದರು. ಹೊದಿಸಿಕೊಂಡೆ! ಬೀರುವಿನಲ್ಲಿದೆ ಇನ್ನೂ. ಪ್ರತಿ ಗೌರಿ ಹಬ್ಬಕ್ಕೆ ನಿನಗೆ ಬಾಗಿನ ಕಳಿಸಿದೆ, ಸೀರೆ ಸಮೇತ. ಮೊದಮೊದಲು ಯಾರಿಗೂ ಅನುಮಾನ ಬರಬಾರದೆಂದು. ಆಮೇಲೆ — ಆಮೇಲೆ ಯಾಕೆ ಎಂದು ನನಗೇ ಗೊತ್ತಿಲ್ಲ. ನೀನು ಅಂಜನಾಪುರದ ಆ ಒಂದು ರೂಮಿನ ಬಾಡಿಗೆ ಮನೆಯಿಂದ ಎರಡು ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಿದ್ದೆ. ಮಾಲೀಕರು ಬಾಡಿಗೆ ಏರಿಸಿದರು ಎಂದು ನೀನು ಒಮ್ಮೆ ಫೋನಿನಲ್ಲಿ ಹೇಳಿದಾಗ, "ಈ ಓನರ್‌ಗಳೇ ಹಾಗೆ ಕಣೆ, ಕರುಣೆ ಅನ್ನೋದೇ ಇಲ್ಲ" ಎಂದೆ. ನಿನ್ನ ಪಾಲಿನ ಬಾಡಿಗೆಯನ್ನು ತಿನ್ನುತ್ತಿದ್ದ ಓನರ್ ನಾನು.

ಹೋದ ಕಾರ್ತೀಕದಲ್ಲಿ ಯಜಮಾನರು ಹೋದರು. ಎದೆನೋವು ಎಂದು ಆಸ್ಪತ್ರೆಗೆ ನಡೆದುಕೊಂಡೇ ಹೋದವರು. ನನ್ನ ದುಃಖವನ್ನು ಇಲ್ಲಿ ಬರೆಯುವುದಿಲ್ಲ, ಅದನ್ನು ಮುಂದಿಟ್ಟುಕೊಂಡು ನಿನ್ನ ಮನಸ್ಸು ಕರಗಿಸಬಾರದು. ತಿಥಿಯಾದ ಮಾರನೆಯ ದಿನದ ವಿಷಯ ಮಾತ್ರ ಬರೆಯುತ್ತೇನೆ.

ಮನೆ ತುಂಬ ಹೆಂಗಸರಿದ್ದರು, ಹಣೆ ಬರಿದಾದ ನನ್ನನ್ನು ನೋಡಲು ಬಂದವರು. ನಾನು ನಡುಮನೆಯ ಮೂಲೆಯಲ್ಲಿ ಚಾಪೆಯ ಮೇಲೆ ಕೂತಿದ್ದೆ. ನೀನು ಬಂದೆ, ಹೆಗಲಿಗೆ ಬಟ್ಟೆಚೀಲ. ನೇರ ದೇವರ ಮನೆಗೆ ಹೋಗಿ ಮಣೆ ತಂದು ಹಾಕಿದೆ. ಚೀಲದಿಂದ ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ, ಎಲೆ ಅಡಿಕೆ, ಹಸಿರು ಕಣ ತೆಗೆದು ತಟ್ಟೆಯಲ್ಲಿ ಜೋಡಿಸಿದೆ. ನನಗೆ ಅರ್ಥವಾಯಿತು.

"ಬೇಡ ಶಶಿ," ಎಂದೆ.

"ಸುಮ್ನಿರಿ ಅಕ್ಕ. ಏಳಿ, ಇಲ್ಲಿ ಕೂತ್ಕೊಳ್ಳಿ. ಯಾರು ಏನಂತಾರೋ ನಾನೂ ನೋಡ್ತೀನಿ." ಯಾವತ್ತೂ ದನಿ ಎತ್ತದವಳು ಸುತ್ತಲಿನ ಹೆಂಗಸರ ಕಡೆ ತಿರುಗಿ ನೋಡಿದೆ. "ಸೆರಗೊಡ್ಡಿ."

ನನ್ನ ಕೈ ಏಳಲಿಲ್ಲ. ನೀನೇ ನನ್ನ ಸೆರಗು ಹಿಡಿದು ಹರಡಿದೆ, ನೀನೇ ಸುರಿದೆ. ಕುಂಕುಮ ಇಡುವಾಗ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದೆ: "ಅವತ್ತು ನೀವು ನಂಗೆ ಮಾಡಿದ್ರಲ್ಲ ಅಕ್ಕ, ಅದನ್ನ ನೆನೆಸ್ಕೊಂಡೇ ನಾನು ಇಷ್ಟು ವರ್ಷ ಬದುಕಿದೀನಿ. ನಂಗೂ ಒಂದು ಮನೆ ಇದೆ ಅಂತ."

ಅಯ್ಯೋ ದೇವರೇ. ಸೆರಗಿನಲ್ಲಿದ್ದುದು ಬರೀ ಒಂದು ಸೇರು ಅಕ್ಕಿ; ಆದರೂ ನನಗೆ ಮಣೆಯಿಂದ ಏಳಲಾಗಲಿಲ್ಲ. ಗಂಡನನ್ನು ನೆನೆದು ಅಳುತ್ತಿದ್ದಾಳೆ ಎಂದು ಎಲ್ಲರೂ ಸಮಾಧಾನ ಮಾಡಿದರು. ನೀನು ನನ್ನ ಬೆನ್ನು ಸವರುತ್ತಿದ್ದೆ. ಆಗಲೂ ಹೇಳಲಿಲ್ಲ, ಶಶಿ. ಅಷ್ಟಾದ ಮೇಲೂ ಹೇಳಲಿಲ್ಲ ನಾನು.

ಒಂದು ತಿಂಗಳ ಮೇಲೆ ಕಿರಣ ಖಾತೆಯ ವಿಷಯ ಎತ್ತಿದ. "ಲಾಯರ್ ಗೀಯರ್ ಬೇಡಮ್ಮ. ತಾತನ ಟೈಮಲ್ಲಿ ನೀನೇ ಎಲ್ಲ ನೀಟಾಗಿ ಮುಗಿಸಿದ್ಯಲ್ಲ. ಇರೋದು ನಾವಿಬ್ರೇ." ಅವನ ದನಿಯಲ್ಲಿ ನನ್ನ ಬಗ್ಗೆ ಹೆಮ್ಮೆಯಿತ್ತು. ನಾನು "ಬೇಕು, ಲಾಯರ್ ಬೇಕು" ಎಂದೆ. ಅವನು ಕಾರಣ ಕೇಳಿದ. ಹೇಳಿದೆ — ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅವನಿಗೆ. ಎಲ್ಲ ಕೇಳಿಸಿಕೊಂಡ. ಆಮೇಲೆ ಎಂದ: "ಸರಿಯಮ್ಮ, ಚಿಕ್ಕಮ್ಮನಿಗೆ ಕೊಟ್ಬಿಡೋಣ. ನಂಗೇನೂ ಬೇಜಾರಿಲ್ಲ. ಆದ್ರೆ ಹಿಂದಿನದೆಲ್ಲ ಯಾಕೆ ಹೇಳ್ತೀಯ? ಗಿಫ್ಟ್ ಅಂತ ಬರೆದುಕೊಡು. ಅವರಿಗೂ ಖುಷಿ, ನಿಂಗೂ ಮರ್ಯಾದೆ."

ಮಗ ತಾಯಿಯ ಮಾನ ಉಳಿಸಲು ಹೇಳಿದ ಮಾತು. ತಪ್ಪು ಅವನದಲ್ಲ. ಆದರೆ ನನಗೆ ಅದು ಎಷ್ಟು ರುಚಿಸಿತು ಎಂದು ನಿನಗೆ ಹೇಳಲೇಬೇಕು. ಎಷ್ಟೋ ದಿನ ಅದನ್ನೇ ಮನಸ್ಸಿನಲ್ಲಿ ನಡೆಸಿ ನೋಡಿದೆ. ನಿನ್ನನ್ನು ಕರೆಸಿ, ಎಲ್ಲರೆದುರು ಆ ಪತ್ರ ನಿನ್ನ ಕೈಗಿಡುತ್ತೇನೆ. ನೀನು ಅಳುತ್ತೀಯ. ನನ್ನ ಕಾಲಿಗೆ ಬೀಳುತ್ತೀಯ. ಬೀದಿಯಲ್ಲೆಲ್ಲ ಮತ್ತೆ ಭಾಗ್ಯಮ್ಮನ ಮನಸ್ಸು ದೊಡ್ಡದಾಗುತ್ತದೆ — ಇನ್ನೊಂದು ಶಾಲು! ನಿನ್ನದನ್ನೇ ನಿನಗೆ ದಾನ ಮಾಡಿ, ಸಾಯುವವರೆಗೂ ನಾನು ನಿನ್ನ ಋಣದಲ್ಲಿರುವ ಬದಲು, ನಿನ್ನನ್ನೇ ನನ್ನ ಋಣದಲ್ಲಿ ಇಟ್ಟುಕೊಳ್ಳುವುದು. ಹಾಗೇ ಮಾಡಿಬಿಡೋಣ ಎಂದು ಒಂದು ಸಂಜೆ ನಿನಗೆ ಫೋನನ್ನೂ ಮಾಡಿದೆ. ನೀನು ಎತ್ತಿ "ಅಕ್ಕ, ಊಟ ಆಯ್ತಾ?" ಎಂದೆ. ಹೂಂ ಎಂದು ಇಟ್ಟುಬಿಟ್ಟೆ.

ಮಾರನೆಯ ದಿನ ಜಯನಗರದ ಆ ಮೆಟ್ಟಿಲು ಮತ್ತೆ ಹತ್ತಿದೆ. ಕನ್ನಡಕದ ಅಂಗಡಿ ಹೋಗಿ ಮೊಬೈಲ್ ಅಂಗಡಿ ಬಂದಿದೆ. ಮೇಡಂ ಅವರೇ, ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನ ನೆನಪು ಅವರಿಗಿರಲಿಲ್ಲ. ಎಲ್ಲ ಹೇಳಿದೆ, ಮಡಿಲಕ್ಕಿಯನ್ನೂ ಸೇರಿಸಿ. ಅವರು ನನ್ನನ್ನು ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹಳೆಯ ಪತ್ರ ರದ್ದಾಗುತ್ತದೋ, ಹೊಸದಾಗಿ ಬರೆದುಕೊಡಬೇಕೋ ನೋಡಬೇಕು ಎಂದರು. ನಾನು, "ಅವಳನ್ನೂ ನಿಮ್ಮ ಹತ್ರನೇ ಕರ್ಕೊಂಡ್ ಬರ್ತೀನಿ ಮೇಡಂ, ನೀವೇ ಇಬ್ಬರಿಗೂ ಮಾಡಿಕೊಡಿ" ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಬೇಡಮ್ಮ. ನಾನು ನಿಮ್ಮ ಲಾಯರು. ಆಕೆಗೆ ಬೇರೆ ಲಾಯರ್ ಬೇಕು. ನಿಮ್ಮ ಮಾತು ಕೇಳಿ ಆಕೆ ಒಂದು ಸಲ ಸಹಿ ಹಾಕಿದ್ದು ಸಾಕಲ್ವಾ?"

ಸಾಕು, ಶಶಿ.

ಹಾಗಾಗಿ ಈಗ ಹೇಳುತ್ತೇನೆ, ಇದನ್ನು ಯಾರಿಗೆ ತೋರಿಸಬೇಕು ಎಂದು. ನಿಮ್ಮ ಆಫೀಸಿನ ಮೇಡಂನ ತಂಗಿ ಈಗಲೂ ಲಾಯರಾಗಿದ್ದರೆ ಅವರಿಗೆ ತೋರಿಸು. ಇಲ್ಲದಿದ್ದರೆ ಇನ್ನೊಬ್ಬರನ್ನು ಹುಡುಕು. ನಾನು ಗೊತ್ತುಮಾಡಿದವರು ಮಾತ್ರ ಬೇಡ. ಅವರ ಫೀಸು ನನ್ನಿಂದ ಬರಬಾರದು ಎಂದು ಜಯನಗರದ ಮೇಡಂ ಹೇಳಿದ್ದಾರೆ, ನಿಮ್ಮ ನಡುವೆ ಏನು ಬೇಕೋ ಮಾತಾಡಿಕೊಳ್ಳಿ. ಪ್ರತಿಯೊಂದು ಹಾಳೆಯ ಕೆಳಗೂ ನಾನು ಸಹಿ ಹಾಕಿದ್ದೇನೆ. ಬೇಕಾದರೆ ಕೋರ್ಟಿನಲ್ಲೂ ಇದನ್ನೇ ಹೇಳುತ್ತೇನೆ. ನಿನ್ನ ಪಾಲು, ಇಷ್ಟು ವರ್ಷದ ಬಾಡಿಗೆ, ಎಲ್ಲವನ್ನೂ ಅವರು ಕೇಳಲಿ. ನಾನು ಚೌಕಾಸಿ ಮಾಡತೊಡಗಿದರೆ — ಮಾಡಿಯೇನು, ನನ್ನನ್ನು ನಾನು ಬಲ್ಲೆ — ಬಿಡಬೇಡ ಎಂದು ಅವರಿಗೆ ಹೇಳು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಅಲ್ಲೇ ಕ್ಷಮಿಸಿಬಿಡುತ್ತೀಯ, ಆಮೇಲೆ ಪಾಲು ಬೇಡ ಅಕ್ಕ ಎನ್ನುತ್ತೀಯ. ಹಾಗನ್ನಬೇಡ. ಈ ಸಲ ಗೌರಿ ಹಬ್ಬಕ್ಕೆ ನನ್ನಿಂದ ಬಾಗಿನ ಬರುವುದಿಲ್ಲ. ಇದನ್ನು ಓದಿ ನೀನು ನನಗೆ ಫೋನ್ ಮಾಡಿದರೂ ನಾನು ಎತ್ತುವುದಿಲ್ಲ. ನಿನ್ನ ದನಿ ಕೇಳಿದರೆ ಏನಾದರೂ ಸಿಹಿಯಾದದ್ದು ಬಾಯಿಗೆ ಬಂದುಬಿಡುತ್ತದೆ, ನೀನು ನಂಬಿಬಿಡುತ್ತೀಯ.

ಬೇರೆಯವರ ಮಧ್ಯೆ ಹೇಗೋ ನನಗೆ ಗೊತ್ತಿಲ್ಲ. ನಮ್ಮಿಬ್ಬರ ಮಧ್ಯೆ ಲಾಯರ್ ಬೇಕು, ಶಶಿ. ಮೊದಲು ಹೋಗಿ ಅವರನ್ನು ನೋಡು.